ಹಸಿರು ಕಾರ್ಡ್ ಎತ್ತಿ, ಫೋಟೋ ಬರಲಿ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯ ಮೇಷ್ಟ್ರುಗಳು ಈಗ ಮೊದಲಿನಂಥವರಲ್ಲ. ರೂಪಣಾತ್ಮಕ ಮೌಲ್ಯಮಾಪನದ (ಎಫ್‌ಎ) ತರಬೇತಿ ಮುಗಿಸಿ ಬಂದವರು. ತರಬೇತಿಯ ತಿರುಳು ಇಷ್ಟೇ: ಮಗುವಿಗೆ ಎಲ್ಲಿ ಅರ್ಥವಾಗಲಿಲ್ಲ ಅನ್ನೋದನ್ನ ಪರೀಕ್ಷೆವರೆಗೆ ಕಾಯದೆ ಪಾಠದ ನಡುವೆಯೇ ಹಿಡೀಬೇಕು, ಹಿಡಿದು ಪಾಠದ ದಾರಿ ಬದಲಿಸಬೇಕು. ಒಳ್ಳೆಯ ಮಾತು. ಇದನ್ನು ಸಂಪನ್ಮೂಲ ವ್ಯಕ್ತಿಗಳು ಬೆಳಿಗ್ಗೆಯಿಂದ ಸಂಜೆವರೆಗೆ ಪರದೆ ಮೇಲಿನ ಸ್ಲೈಡ್ ಓದಿ ಹೇಳಿದರು. ಕೂತವರಿಗೆ ಅರ್ಥವಾಯ್ತಾ ಅಂತ ನಡುವೆ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಊಟಕ್ಕೆ ತಡವಾಗುತ್ತಿತ್ತು. ಕೊನೆಗೆ ಹಿಮ್ಮಾಹಿತಿ ನಮೂನೆ ಬಂತು, ಎಲ್ಲರೂ ‘ಅತ್ಯುತ್ತಮ’ಕ್ಕೆ ಗುರುತು ಹಾಕಿ ಬಸ್ಸು ಹಿಡಿದರು.

ತರಗತಿಯಲ್ಲಿ ಬದಲಾವಣೆ ಆಗಿಲ್ಲ ಅಂದರೆ ನಾಲಿಗೆ ಬಿದ್ದುಹೋದೀತು. ಪ್ರತಿ ಮಗುವಿನ ಕೈಗೂ ಎರಡು ಕಾರ್ಡ್ ಬಂದಿವೆ. ತಿಳಿದರೆ ಹಸಿರು, ತಿಳಿಯದಿದ್ದರೆ ಕೆಂಪು. ಮೊದಲ ದಿನ ಹಿಂದಿನ ಸಾಲಿನ ಹುಡುಗಿಯೊಬ್ಬಳು ನಂಬಿಕೆಯಿಂದ ಕೆಂಪು ಎತ್ತಿದಳು. “ಇಷ್ಟೊತ್ತು ಏನ್ ಕೇಳ್ತಿದ್ದೆ?” ಅಂದರು ಮೇಷ್ಟ್ರು. ಮಗು ಭಯ, ಆತಂಕವಿಲ್ಲದೆ ಕಲೀಬೇಕು ಅನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ. ಆ ಕಲಂನ ಸ್ಲೈಡ್ ಬರುವಾಗ ಕರೆಂಟು ಹೋಗಿತ್ತೇನೋ. ಮರುದಿನದಿಂದ ಇಡೀ ತರಗತಿ ಹಸಿರೋ ಹಸಿರು. ಮನೆಯಲ್ಲಿ ತೆಲುಗು ಮಾತಾಡಿ, ಶಾಲೆಯಲ್ಲಿ ಕನ್ನಡದ ಗಣಿತಕ್ಕೆ ಕಣ್ಣು ಬಿಡುವ ಮಕ್ಕಳೂ “ಅರ್ಥಮೈಂದಿ ಸಾರ್” ಅಂತ ಎಲ್ಲರಿಗಿಂತ ಮೇಲೆತ್ತುತ್ತಾರೆ.

ಹಾಗಂತ ನಿಜವಾದದ್ದು ನಡೆಯೋದೇ ಇಲ್ಲ ಅಂತಲ್ಲ. ಭಿನ್ನರಾಶಿ ಪಾಠ. “ಒಂದು ಮಾವಿನಹಣ್ಣಲ್ಲಿ ಮೂರನೇ ಒಂದು ಭಾಗ ದೊಡ್ಡದೋ, ನಾಲ್ಕನೇ ಒಂದು ಭಾಗವೋ?” ಮಾವಿನ ಸೀಮೆಯ ಹುಡುಗ ತಡಮಾಡದೆ ಹೇಳಿದ: “ನಾಲ್ಕನೇದು ಸಾರ್, ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ?” ತಪ್ಪು ಉತ್ತರ, ಆದರೆ ಮಗು ಎಲ್ಲಿ ಎಡವಿದೆ ಅಂತ ಬೆರಳಿಟ್ಟು ತೋರಿಸುವ ಉತ್ತರ. ಹಣ್ಣೊಂದನ್ನು ತಂದು ಮೂವರಿಗೆ, ಆಮೇಲೆ ನಾಲ್ವರಿಗೆ ಹಂಚಿಸಿದರೆ ಮುಗೀತು. ಮೇಷ್ಟ್ರಿಗೂ ಹೊಳೆಯಿತು, ಸೀಮೆಸುಣ್ಣ ಕೆಳಗಿಟ್ಟರು. ಅಷ್ಟರಲ್ಲಿ ವಾಟ್ಸಾಪ್ ಗುಂಪಿನಲ್ಲಿ ಸಂದೇಶ: ‘ಎಫ್‌ಎ-2 ಅಂಕಗಳನ್ನು ಇಲಾಖೆಯ ಆನ್‌ಲೈನ್ ದಾಖಲೆ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ನಮೂದಿಸದ ಶಾಲೆಗಳು ಇಂದೇ ಪೂರ್ಣಗೊಳಿಸುವುದು. ತುರ್ತು.’ ಹುಡುಗನಿಗೆ ಹದಿನೈದಕ್ಕೆ ಹನ್ನೆರಡು ಬಿತ್ತು. ತಂತ್ರ: ಅವಲೋಕನ. ಸಾಧನ: ಚೆಕ್‌ಲಿಸ್ಟ್. ನಾಲ್ಕನೇ ಒಂದು ಭಾಗ ಇವತ್ತಿಗೂ ಆ ಊರಲ್ಲಿ ದೊಡ್ಡದೇ.

ವರ್ಷಕ್ಕೆ ಇಂಥ ನಾಲ್ಕು ಎಫ್‌ಎ, ತಲಾ ಹದಿನೈದರಂತೆ ಅರವತ್ತು. ಎರಡು ಎಸ್‌ಎ (ಸಂಕಲನಾತ್ಮಕ ಮೌಲ್ಯಮಾಪನ, ಅಂದರೆ ಕೊನೆಯಲ್ಲಿ ಬರುವ ಪರೀಕ್ಷೆ) ಸೇರಿ ನೂರು. ಮಗು ಕಲಿಯುವ ದಾರಿಯನ್ನು ನೋಡೋದಕ್ಕೆ ಹುಟ್ಟಿದ ಪದ್ಧತಿಗೆ ನಾವು ಅಂಕ ಕಟ್ಟಿ ಕೂರಿಸಿದ್ದೇವೆ. ಇಸ್ರೇಲಿನ ಸಂಶೋಧಕಿ ರೂತ್ ಬಟ್ಲರ್ 1988ರಲ್ಲೇ ತೋರಿಸಿದ್ದರು: ಉತ್ತರಪತ್ರಿಕೆ ಮೇಲೆ ಬರೀ ಟಿಪ್ಪಣಿ ಬರೆದು ಕೊಟ್ಟ ಮಕ್ಕಳು ಸುಧಾರಿಸಿದರು, ಟಿಪ್ಪಣಿಯ ಜೊತೆ ಅಂಕವನ್ನೂ ಕೊಟ್ಟಾಗ ಆ ಲಾಭ ಮಾಯವಾಯಿತು. ನಮ್ಮವರು ಇದರಿಂದ ಪಾಠ ಕಲಿತು ಟಿಪ್ಪಣಿಯನ್ನೇ ಬಿಟ್ಟರು. ಹೆಚ್ಚೆಂದರೆ ‘ಉತ್ತಮ, ಇನ್ನೂ ಪ್ರಯತ್ನಿಸು’. ಎಲ್ಲ ಮಕ್ಕಳಿಗೂ ಅದೇ, ಎಲ್ಲ ವಿಷಯಕ್ಕೂ ಅದೇ, ಕಂಬಳಿಹುಳದ ಚಿತ್ರ ಬರೆದವನಿಗೂ ಅದೇ.

ಮೊನ್ನೆ ಸುತ್ತಲಿನ ಶಾಲೆಗಳ ಉಸ್ತುವಾರಿ ನೋಡುವ ಕ್ಲಸ್ಟರ್‌ನಿಂದ ಭೇಟಿಗೆ ಬಂದವರು ಮೊದಲು ಕೇಳಿದ್ದು ಫೈಲು. ಮಕ್ಕಳ ಕೃತಿಸಂಪುಟ, ಪರಿಹಾರ ಬೋಧನೆಯ ದಾಖಲೆ, ಅನುಪಾಲನಾ ವರದಿ ಎಲ್ಲಕ್ಕೂ ರಟ್ಟು ಹಾಕಿತ್ತು. ಆಮೇಲೆ ತರಗತಿಗೆ ಬಂದು, “ಮಕ್ಕಳೇ, ಎಲ್ಲರೂ ಕಾರ್ಡ್ ಎತ್ತಿ, ಫೋಟೋ ಬರಲಿ” ಅಂದರು. ಯಾವ ಪ್ರಶ್ನೆಗೆ ಅಂತ ಅವರೂ ಹೇಳಲಿಲ್ಲ, ಮಕ್ಕಳೂ ಕೇಳಲಿಲ್ಲ. ಹಸಿರು ಎದ್ದು ನಿಂತಿತು. ಸಂದರ್ಶಕರ ಪುಸ್ತಕದಲ್ಲಿ ಷರಾ: ‘ಕಲಿಕೆ ತೃಪ್ತಿಕರ.’

ಹಸಿರು ಕಾರ್ಡುಗಳು ಬಳಸಿ ಬಳಸಿ ಅಂಚು ಹರಿದಿವೆ, ಹೊಸದಕ್ಕೆ ಶಾಲಾ ಅನುದಾನದಲ್ಲಿ ಬೇಡಿಕೆ ಹೋಗಿದೆ. ಕೆಂಪಿನದಕ್ಕೆ ಬೇಕಾಗಿಲ್ಲ.