ಸ್ಪಷ್ಟನೆ: ಸಿಬಿಡಿ ಹೆಚ್ಚಿದಷ್ಟೂ ಆತಂಕ ಇಳಿಯುವುದಿಲ್ಲ

ಗಾಂಜಾ ಗಿಡದಲ್ಲಿರುವ ಸಿಬಿಡಿ (ಕ್ಯಾನಬಿಡಿಯಾಲ್) ಎಂಬ ರಾಸಾಯನಿಕ ಇಲಿಗಳ ಆತಂಕ ಕಳೆದಿದೆ, ಆದ್ದರಿಂದ ಡೋಸ್ ಹೆಚ್ಚಿದಷ್ಟೂ ಮನುಷ್ಯರಿಗೆ ಒಳ್ಳೆಯದು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. 1990ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಪ್ರಯೋಗದಲ್ಲಿ ಇಲಿಗಳನ್ನು ಪ್ಲಸ್ ಆಕಾರದ ಎತ್ತರದ ಅಟ್ಟಣೆಗೆ ಬಿಟ್ಟಿದ್ದರು. ಅದರ ಎರಡು ಕೈಗಳಿಗೆ ಗೋಡೆ ಇರುತ್ತದೆ, ಎರಡಕ್ಕೆ ಇರುವುದಿಲ್ಲ. ಕೆ.ಜಿ. ತೂಕಕ್ಕೆ 2.5, 5, 10 ಮಿ.ಗ್ರಾಂ ಕೊಟ್ಟ ಇಲಿಗಳು ಗೋಡೆಯಿಲ್ಲದ ಬಯಲು ಕೈಗಳತ್ತ ಹೆಚ್ಚು ಹೋದವು, ಅಂದರೆ ಅವುಗಳ ಆತಂಕ ಇಳಿದಿತ್ತು. 20 ಮಿ.ಗ್ರಾಂ ಕೊಟ್ಟಾಗ ಆ ಪರಿಣಾಮವೇ ಕಾಣಲಿಲ್ಲ!

ಇಂಥ ಪರೀಕ್ಷೆಯಲ್ಲಿ ಮಂಪರು ಹತ್ತಿ ಮೂಲೆ ಹಿಡಿದ ಇಲಿಯೂ ಹೆದರಿದಂತೆಯೇ ಕಾಣುತ್ತದೆ. ಅದಕ್ಕೇ ಗೋಡೆಯ ಕೈಗಳ ಓಡಾಟವನ್ನೂ ಎಣಿಸಲೇಬೇಕು. ಒಮ್ಮೆ ಹತ್ತಿಸಿದ ಇಲಿಯನ್ನೇ ಮತ್ತೆ ಹತ್ತಿಸಿದರೆ ಲೆಕ್ಕ ಕೆಡುತ್ತದೆ.

ಇನ್ನು, ಆ ಪ್ರಯೋಗದಲ್ಲಿ ಔಷಧಿಯನ್ನು ಹೊಟ್ಟೆಗೆ ಚುಚ್ಚಿದ್ದರು. ನುಂಗಿದ ಸಿಬಿಡಿಯ ಬಹುಪಾಲು ರಕ್ತಕ್ಕೆ ಸೇರುವುದೇ ಇಲ್ಲ, ಹಾಗಾಗಿ ಇಲಿಗಳ ಡೋಸ್ ಲೆಕ್ಕವನ್ನು ಅದನ್ನು ನುಂಗುವ ಮನುಷ್ಯರಿಗೆ ನೇರವಾಗಿ ಹಚ್ಚಲಾಗದು.