ಐದು ರೂಪಾಯಿಯ ಮೇಲಿನ ಹಾವು

ನಿನ್ನೆ ಮಂಡ್ಯದಲ್ಲಿ ತಂಗಿಯ ಮನೆಯ ಗೃಹಪ್ರವೇಶವಿತ್ತು. ಸರಿಯಾಗಿ ಎಲೆ ಹಾಕುವ ಹೊತ್ತಿಗೆ ಅವಳ ಮಗ ಬಂದು ನನ್ನ ಪಕ್ಕದಲ್ಲಿ ಕುಳಿತು, ಸುತ್ತ ಒಮ್ಮೆ ಕಣ್ಣಾಡಿಸಿ, ಜೇಬಿನಿಂದ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ತೆಗೆದು ನನ್ನ ಅಂಗೈ ಮೇಲಿಟ್ಟ. ಒಳಗೆ ಹತ್ತಿಯ ಹಾಸಿಗೆಯ ಮೇಲೆ ಹಿತ್ತಾಳೆ ಬಣ್ಣದ ಐದು ರೂಪಾಯಿಯ ನಾಣ್ಯವೊಂದು ಮಲಗಿತ್ತು. "ಮಾವ, ಸಿಂಹದ ಪಕ್ಕ ನೋಡಿ, ನಾಗರಹಾವು ಹೆಡೆ ಎತ್ತಿದೆ. ಟಂಕಸಾಲೆಯವರ ತಪ್ಪಂತೆ. ಎರಡು ಲಕ್ಷಕ್ಕೆ ಕಡಿಮೆ ಕೊಡಬೇಡಿ ಅಂತ ವಿಡಿಯೋದಲ್ಲಿ ಹೇಳಿದ್ದಾರೆ" ಎಂದ. ಕನ್ನಡಕ ಸರಿಮಾಡಿಕೊಂಡು ನೋಡಿದೆ. ಹಾವಿರಲಿ, ಎರೆಹುಳುವೂ ಇರಲಿಲ್ಲ. ಬೀಗದ ಕೈಗಳ ಜೊತೆ ಒಂದೇ ಜೇಬಿನಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದ ನಾಣ್ಯದ ಮೇಲೆ ಬೀಳುವಂಥ ಒಂದು ಡೊಂಕು ಗೀರು ಇತ್ತು. ಹಾಗೆಂದು ಹೇಳಿದ್ದಕ್ಕೆ ತಂಗಿಯ ಮುಖ ಸಣ್ಣದಾಯಿತು, ನನ್ನ ಎಲೆಗೆ ಎರಡನೆಯ ಹೋಳಿಗೆ ಬರಲಿಲ್ಲ.

ನನ್ನ ಸಿಟ್ಟು ಹೋಳಿಗೆಯದ್ದಲ್ಲ. ಮೂರು ದಶಕ ಕಾರ್ಖಾನೆಯ ಟೂಲ್ ರೂಮಿನಲ್ಲಿ ಡೈ ಎಂಬ ಉಕ್ಕಿನ ಅಚ್ಚುಗಳು ಮತ್ತು ಲೋಹ ಕತ್ತರಿಸುವ ಪಂಚುಗಳ ನಡುವೆಯೇ ಬದುಕಿದವನು ನಾನೆಂಬುದು ನಿಮಗೆಲ್ಲ ಗೊತ್ತು. ನಾಣ್ಯವೆಂದರೆ ನನ್ನ ಪಾಲಿಗೆ ಮೊದಲು ಲೋಹ ಒತ್ತುವ ಒಂದು ಪ್ರೆಸ್ ಕೆಲಸ, ಆಮೇಲೆ ದುಡ್ಡು. ನಾಣ್ಯದಲ್ಲಿ ತಪ್ಪು ಹುಡುಕುವ ಈ ಹೊಸ ಪಂಡಿತರಲ್ಲಿ ಒಬ್ಬನಾದರೂ "ನಾಣ್ಯವನ್ನು ಹೇಗೆ ಮಾಡುತ್ತಾರೆ?" ಎಂದು ಕೇಳಿದ್ದನ್ನು ನಾನು ಇದುವರೆಗೆ ಕಂಡಿಲ್ಲ. ಎಲ್ಲರೂ ಕೇಳುವುದು "ಎಷ್ಟಕ್ಕೆ ಹೋಗುತ್ತದೆ?" ಎಂದೇ.

ಕೇಳದಿದ್ದರೂ ಹೇಳುತ್ತೇನೆ. ಲೋಹದ ಪಟ್ಟಿಯಿಂದ ಮೊದಲು ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಆ ಬಿಲ್ಲೆಯ ಅಂಚನ್ನು ಒತ್ತಿ ಸ್ವಲ್ಪ ಎತ್ತರಿಸುತ್ತಾರೆ. ಅನಂತರ ಕಾಲರ್ ಎಂಬ ಉಕ್ಕಿನ ಬಳೆಯೊಳಗೆ ಅದನ್ನು ಕೂರಿಸಿ, ಮೇಲೊಂದು ಕೆಳಗೊಂದು ಡೈ ಇಟ್ಟು, ಹತ್ತಾರು ಟನ್ ಒತ್ತಡದಲ್ಲಿ ಒಂದೇ ಏಟಿಗೆ ಎರಡೂ ಮುಖಗಳನ್ನು ಮೂಡಿಸುತ್ತಾರೆ. ನಿಜವಾದ ತಪ್ಪು ಎನ್ನುವುದು ಈ ಮೂರು ಜಾಗಗಳಲ್ಲಿ ಒಂದರಲ್ಲಿ ಹುಟ್ಟಿರಲೇಬೇಕು: ಬಿಲ್ಲೆಯಲ್ಲಿ, ಡೈಯಲ್ಲಿ ಅಥವಾ ಏಟಿನಲ್ಲಿ. ಟಂಕಸಾಲೆಯ ಬಾಗಿಲು ದಾಟಿದ ಮೇಲೆ ಆದದ್ದೆಲ್ಲ ಗಾಯ. ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ್ದಾಗಲಿ, ಶ್ರೀರಂಗಪಟ್ಟಣದ ಸೇತುವೆಯಿಂದ ಭಕ್ತರು ಎಸೆದು, ಮರಳಿನಲ್ಲಿ ತಿಕ್ಕಿಸಿಕೊಂಡು, ಹುಡುಗರ ಹಗ್ಗದ ಅಯಸ್ಕಾಂತಕ್ಕೆ ಅಂಟಿ ಮೇಲೆ ಬಂದ ಉಕ್ಕಿನ ಒಂದು ರೂಪಾಯಿಯಾಗಲಿ, ಎಲ್ಲವೂ ಗಾಯವೇ. ಗಾಯಕ್ಕೆ ಸಂಗ್ರಹಕಾರನ ಬಳಿ ಬೆಲೆಯಿಲ್ಲ.

ಅಳಿಯನ ಹಾವಿಗೆ ಬರೋಣ. ನಾನು ಅವನಿಗೆ ಹೇಳಿದ್ದು ಇಷ್ಟೇ: "ಉಗುರಿನಿಂದ ಸವರಿ ನೋಡೋ, ಗೆರೆ ಉಬ್ಬಿದೆಯೋ, ತಗ್ಗಿದೆಯೋ?" ಡೈ ಎನ್ನುವುದು ನಾಣ್ಯದ ತಿರುವುಮುರುವು, ಅಲ್ಲಿ ತಗ್ಗಾಗಿರುವುದು ಇಲ್ಲಿ ಉಬ್ಬಾಗುತ್ತದೆ. ಸಾವಿರಾರು ಏಟು ಹೊಡೆದು ದಣಿದ ಡೈ ಬಿರುಕು ಬಿಟ್ಟರೆ, ಏಟು ಬಿದ್ದಾಗ ಆ ಬಿರುಕಿನೊಳಕ್ಕೆ ಲೋಹ ನುಗ್ಗಿ, ನಾಣ್ಯದ ಮೇಲೆ ಕೂದಲೆಳೆಯಂಥ ಉಬ್ಬುಗೆರೆ ಏಳುತ್ತದೆ. ಗೀರಾದರೋ ತಗ್ಗಾಗಿರುತ್ತದೆ, ಅದರ ಎರಡೂ ದಡಗಳಲ್ಲಿ ಉಳುಮೆಯ ಮಣ್ಣಿನಂತೆ ಲೋಹ ಪಕ್ಕಕ್ಕೆ ಸರಿದಿರುತ್ತದೆ. ಇದನ್ನು ತಿಳಿಯಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರವೊಂದು ಸಾಕು, ಎಷ್ಟೋ ಸಲ ಉಗುರೇ ಸಾಕು. ಅವನು ಸವರಿ ನೋಡಿ, ತಗ್ಗಿದೆ ಎಂದು ಒಪ್ಪಿಕೊಂಡು, ಆಮೇಲೆ "ಆದರೂ ಹೆಡೆ ಇದೆಯಲ್ಲ ಮಾವ" ಎಂದ. ಹಗ್ಗವನ್ನು ಹಾವೆಂದು ಭ್ರಮಿಸಿದವನು ದೀಪ ತಂದರೆ ನಾಚುತ್ತಾನೆ ಎಂದು ವೇದಾಂತಿಗಳು ಹೇಳುತ್ತಾರೆ. ಅವರು ನಮ್ಮ ಅಳಿಯನನ್ನು ಕಂಡಿರಲಿಲ್ಲ.

ಈ ಕಾಮಾಲೆ ಅವನೊಬ್ಬನದ್ದೇ ಅಲ್ಲ. ಇಸವಿಯ ಕೆಳಗೆ ನಕ್ಷತ್ರವಿದೆ ಎಂದು ಒಬ್ಬರು ಫೋಟೋ ಕಳಿಸುತ್ತಾರೆ. ಅದು ಹೈದರಾಬಾದಿನ ಟಂಕಸಾಲೆಯ ಗುರುತು. ವಜ್ರಾಕೃತಿ ಮುಂಬಯಿಯದು, ಚುಕ್ಕಿ ನೋಯ್ಡಾದ್ದು. ಗುರುತೇ ಇಲ್ಲವೆಂದು ಕುಣಿದಾಡುವವರಿಗೆ ಹೇಳುತ್ತೇನೆ, ಕೋಲ್ಕತ್ತದವರು ಗುರುತು ಹಾಕುವುದೇ ಇಲ್ಲ. ಇನ್ನೊಬ್ಬರು, ಮೈಸೂರಿನಲ್ಲಿ ನೋಟು ಅಚ್ಚಾಗುವುದರಿಂದ ಇದು "ನಮ್ಮ ಮೈಸೂರಿನ ತಪ್ಪು ನಾಣ್ಯ" ಎಂದು ಅಭಿಮಾನದಿಂದ ಬರೆದಿದ್ದರು. ಸ್ವಾಮಿ, ಇಲ್ಲಿ ಅಚ್ಚಾಗುವುದು ನೋಟು ಮಾತ್ರ. ಇನ್ನು ಟಿಪ್ಪುವಿನ ಆನೆಯ ಪೈಸೆಯಲ್ಲಿ ಚಿತ್ರ ಒಂದು ಬದಿಗೆ ಜಾರಿದೆ, ಆನೆ ಎಡಕ್ಕೆ ನೋಡುವ ಬದಲು ಬಲಕ್ಕೆ ನೋಡುತ್ತಿದೆ, ಆದ್ದರಿಂದ ಅಪರೂಪದ ತಪ್ಪು ಎನ್ನುವವರಿದ್ದಾರೆ. ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಸುತ್ತಿಗೆ ಹಿಡಿದು ಕೈಯಲ್ಲಿ ಹೊಡೆದ ನಾಣ್ಯಗಳವು. ಕಾಲರೇ ಇಲ್ಲದ ಕಡೆ ಜಾರದೆ ಇರುವುದೇ ಆಶ್ಚರ್ಯ. ಆನೆ ಎರಡೂ ದಿಕ್ಕಿಗೆ ನೋಡುವುದು ಆ ನಾಣ್ಯಗಳ ವಿನ್ಯಾಸದಲ್ಲೇ ಇದೆ. ಇಸವಿ ಬಲದಿಂದ ಎಡಕ್ಕಿದೆ ಎಂದು ಗಾಬರಿಯಾಗಬೇಕಿಲ್ಲ, ತಾನೇ ಜಾರಿಗೆ ತಂದ ಮೌಲೂದಿ ಎಂಬ ಶಕೆಯ ವರ್ಷಗಳನ್ನು ಟಿಪ್ಪು ಬರೆಸಿದ್ದೇ ಹಾಗೆ.

ಅಕ್ಷರಗಳು ಎರಡೆರಡಾಗಿ ಕಾಣುವ ನಾಣ್ಯದ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಕನಿಕರವಿದೆ, ಏಕೆಂದರೆ ಅಲ್ಲಿ ಬಲ್ಲವರೂ ಎಡವುತ್ತಾರೆ. ಏಟಿನ ಕೊನೆಯ ಗಳಿಗೆಯಲ್ಲಿ ಸಡಿಲಗೊಂಡ ಡೈ ಅಲುಗಿದರೆ, ಆಗಲೇ ಮೂಡಿದ ಅಕ್ಷರದ ಒಂದು ಬದಿ ಒರೆಸಿದಂತಾಗಿ ಚಪ್ಪಟೆಯಾದ ಮೆಟ್ಟಿಲು ಕಾಣುತ್ತದೆ, ಅಕ್ಷರ ಸೊರಗುತ್ತದೆ. ಅದು ಸರ್ವೇಸಾಮಾನ್ಯ, ಅದಕ್ಕೆ ಬೆಲೆಯಿಲ್ಲ. ನಿಜವಾದ ಜೋಡಿ ಅಚ್ಚು ಹುಟ್ಟುವುದು ನಾಣ್ಯ ಹೊಡೆಯುವಾಗಲ್ಲ, ಡೈಯನ್ನೇ ತಯಾರಿಸುವಾಗ. ಮೂಲ ಅಚ್ಚನ್ನು ಮೆತ್ತನೆಯ ಉಕ್ಕಿನ ಮೇಲೆ ಎರಡು ಸಲ ಒತ್ತುವಾಗ ಎರಡನೆಯದು ಕೂದಲಷ್ಟು ತಿರುಗಿದರೆ, ಆ ಡೈಯಿಂದ ಹುಟ್ಟುವ ಪ್ರತಿಯೊಂದು ನಾಣ್ಯವೂ ಅದೇ ದುಂಡನೆಯ ಎರಡೆರಡು ಅಕ್ಷರಗಳನ್ನು ಹೊತ್ತು ಬರುತ್ತದೆ. ಅಮೆರಿಕದ 1955ರ ಒಂದು ಸೆಂಟಿನ ನಾಣ್ಯ ಲೋಕಪ್ರಸಿದ್ಧವಾದದ್ದು ಹಾಗೆ. ಬರಿಗಣ್ಣಿಗೇ ಕಾಣುವ ತಪ್ಪು ಅದು. "ಮೊಬೈಲನ್ನು ಹೀಗೆ ಓರೆ ಹಿಡಿದು, ಜೂಮ್ ಮಾಡಿ ನೋಡಿ" ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ಬಳಿಯೂ ಒಂದು ನಿಜವಾದ ತಪ್ಪು ಇದೆ. ಕೆಲವು ವರ್ಷಗಳ ಹಿಂದೆ ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಕೊಂಡಾಗ ಚಿಲ್ಲರೆಯಲ್ಲಿ ಬಂದ ಎರಡು ರೂಪಾಯಿ, ಒಂದು ಅಂಚಿನಲ್ಲಿ ಚಂದ್ರಕಲೆಯಂತೆ ಕತ್ತರಿಸಿ ಹೋಗಿದೆ. "ಮುರ್ದದೆ ಸಾಮಿ, ಬೇರೆ ಕೊಡ್ತೀನಿ" ಎಂದು ಎಲೆಯವಳು ಕೈ ಚಾಚಿದಾಗ ನಾನು ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದು ಓಡದೆ ನಿಂತದ್ದೇ ಹೆಚ್ಚು. ಪಟ್ಟಿ ಸರಿಯಾಗಿ ಮುಂದೆ ಸರಿಯದೆ, ಹಿಂದಿನ ಏಟಿನ ತೂತಿನ ಮೇಲೆಯೇ ಪಂಚು ಬಿದ್ದಾಗ ಹುಟ್ಟುವ ಬಿಲ್ಲೆ ಅದು. ಅರದಿಂದ ಉಜ್ಜಿ ಹೀಗೆ ಮಾಡಲಾಗದೇ ಎಂದರೆ, ಆಗುತ್ತದೆ. ಆದರೆ ಕತ್ತರಿಸಿದ ಜಾಗಕ್ಕೆ ನೇರ ಎದುರಿನ ಅಂಚನ್ನು ನೋಡಬೇಕು. ಅಂಚು ಎತ್ತರಿಸುವ ಯಂತ್ರದಲ್ಲಿ ಒಂದು ಬದಿ ಖಾಲಿಯಿದ್ದರೆ ಎದುರು ಬದಿಗೂ ಒತ್ತಡ ಸಿಗದೆ, ಅಲ್ಲಿಯ ಅಂಚು ಸಪ್ಪೆಯಾಗಿ ಉಳಿಯುತ್ತದೆ. ಬ್ಲೇಕ್ಸ್‌ಲಿ ಪರಿಣಾಮ ಎನ್ನುತ್ತಾರೆ. ನನ್ನ ನಾಣ್ಯದಲ್ಲಿ ಅದು ಕನ್ನಡಿಯಂತೆ ಸ್ಪಷ್ಟವಾಗಿದೆ. ಈ ಅಳಿಯನಿಗೇ ಒಮ್ಮೆ ತೋರಿಸಿದ್ದೆ. "ಇಲಿ ಕಚ್ಚಿದಂಗಿದೆ" ಎಂದಿದ್ದ.

ಅವರ ಖುಷಿ ಅವರಿಗೆ, ನಿನಗೇನು ನಷ್ಟ ಎಂದು ನಮ್ಮ ಷಡ್ಡಕರು ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೇಳಿದರು. ಹೀಗೆಯೇ ಹುಡುಗರಿಗೆ ನಾಣ್ಯದ ರುಚಿ ಹತ್ತುತ್ತದೆ ಎಂಬುದೂ ಅವರ ವಾದ. ಮೋಡದಲ್ಲಿ ಗಣಪತಿಯನ್ನು ಕಂಡವನು ಹವಾಮಾನಶಾಸ್ತ್ರ ಓದಲು ಹೋದದ್ದನ್ನು ನಾನು ಕಂಡಿಲ್ಲ. ಅದಿರಲಿ, ಎರಡು ಲಕ್ಷದ ಆಸೆ ತೋರಿಸಿ ಮೊದಲು "ನೋಂದಣಿ ಶುಲ್ಕ" ಕಳಿಸಿ ಎನ್ನುವವರಿದ್ದಾರೆ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಹಳೆಯ ನಾಣ್ಯ ನೋಟುಗಳ ವ್ಯವಹಾರಕ್ಕೆ ಕಮಿಷನ್ ಕೇಳುವವರ ಬಗ್ಗೆ, ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಜನರನ್ನು ಎಚ್ಚರಿಸಿತ್ತು. ಅಳಿಯ ಈಗಾಗಲೇ ಒಂದು ಕಂತು ಕಳಿಸಿದ್ದಾನೆ. ಎಷ್ಟೆಂದು ಹೇಳಲಿಲ್ಲ, ತಂಗಿಗಂತೂ ಗೊತ್ತೇ ಇಲ್ಲ.

ಇಷ್ಟು ಬರೆದ ಮೇಲೆ ಒಂದನ್ನು ಮುಚ್ಚಿಡುವುದು ಸರಿಯಲ್ಲ. ಚೌಕಾಕಾರದ ಅಲ್ಯುಮಿನಿಯಂ ಐದು ಪೈಸೆಯೊಂದನ್ನು ನಾನು ಸಾವಿರದ ಇನ್ನೂರು ರೂಪಾಯಿ ತೆತ್ತು ಕೊಂಡಿದ್ದೆ. ಅದರ ಮೇಲೆ ಇನ್ನೊಂದು ನಾಣ್ಯದ ಕನ್ನಡಿಬಿಂಬ ತಗ್ಗಾಗಿ ಮೂಡಿತ್ತು. ಹೊಡೆದ ನಾಣ್ಯ ಡೈಗೆ ಅಂಟಿಕೊಂಡು ಮುಂದಿನ ಬಿಲ್ಲೆಯ ಮೇಲೆ ತನ್ನ ಗುರುತನ್ನು ಒತ್ತುವುದುಂಟು. ಅಂಥದ್ದೇ ಸಿಕ್ಕಿತೆಂದು ಹನ್ನೊಂದು ವರ್ಷ ಬೀರುವಿನಲ್ಲಿಟ್ಟು ಬಂದವರಿಗೆಲ್ಲ ತೋರಿಸಿದೆ. ನಿಜವಾಗಿ ಹಾಗಾಗಿದ್ದರೆ ಆ ಮುಖದಲ್ಲಿ ಅದರ ಸ್ವಂತ ಚಿತ್ರ ಇರಬಾರದಿತ್ತು. ಆದರೆ ಮಸುಕಾಗಿ ಇತ್ತು, ಹಿಂಬದಿಯ ಉಬ್ಬುಗಳೂ ಚಪ್ಪಟೆಯಾಗಿದ್ದವು. ಯಾರೋ ಎರಡು ನಾಣ್ಯಗಳನ್ನು ಬೆಂಚ್ ವೈಸ್‌ನಲ್ಲಿ ಸಿಕ್ಕಿಸಿ ಹಿಡಿಕೆ ತಿರುಗಿಸಿದ್ದರು, ಅಷ್ಟೆ. ಜೀವನವಿಡೀ ಬೆಂಚ್ ವೈಸ್ ತಿರುಗಿಸಿದ ಕೈಗೆ ಅದು ತಿಳಿಯಲಿಲ್ಲ, ಏಕೆಂದರೆ ನಾನೂ ಆಗ ನಾಣ್ಯ ನೋಡುತ್ತಿರಲಿಲ್ಲ, ಬೆಲೆ ನೋಡುತ್ತಿದ್ದೆ. ಆ ಐದು ಪೈಸೆ ಈಗಲೂ ಬೀರುವಿನಲ್ಲಿದೆ, ಬಂದವರಿಗೆ ತೋರಿಸುವುದನ್ನು ಮಾತ್ರ ನಿಲ್ಲಿಸಿದ್ದೇನೆ.

ಹೊರಡುವಾಗ ನೋಡಿದೆ, ತಂಗಿ ಆ ಐದು ರೂಪಾಯಿಯನ್ನು ಡಬ್ಬಿಯಿಂದ ತೆಗೆದು ಹೊಸ ಮನೆಯ ದೇವರ ಕೋಣೆಯಲ್ಲಿಟ್ಟು, ಅರಿಸಿನ ಕುಂಕುಮ ಹಚ್ಚಿ, ನಾಗಪ್ಪನೆಂದು ಹಾಲು ಚಿಮುಕಿಸಿದ್ದಳು. ಹಾಲು, ಕುಂಕುಮ, ನೀರು ಸೇರಿದರೆ ನಿಕಲ್ ಹಿತ್ತಾಳೆ ಕಪ್ಪಾಗಿ ಕಲೆಗಟ್ಟಲು ಹೆಚ್ಚು ದಿನ ಬೇಕಿಲ್ಲ. ಯುಗಾದಿಯ ಹೊತ್ತಿಗೆ ಅದೇ ನಾಣ್ಯ "ಎರಡು ಬಣ್ಣದ ಅಪರೂಪದ ತಪ್ಪು" ಎಂಬ ಹೆಸರಿನಲ್ಲಿ ಮತ್ತೆ ನನ್ನ ಅಂಗೈಗೆ ಬರಲಿದೆ. ಈ ಸಲ ಹೋಳಿಗೆ ತಿಂದು ಮುಗಿಸಿದ ಮೇಲೆಯೇ ಕನ್ನಡಕ ಹಾಕಿಕೊಳ್ಳುತ್ತೇನೆ.