ಸ್ಪಷ್ಟನೆ: ಆ ರೋಬೋಟ್‌ಗಳು ಆಕಾರವನ್ನು ತಾವೇ ಆರಿಸಲಿಲ್ಲ
ಸಾವಿರ ಪುಟ್ಟ ರೋಬೋಟ್‌ಗಳು ತಮ್ಮತಮ್ಮಲ್ಲೇ ಚರ್ಚಿಸಿ ನಕ್ಷತ್ರದ ಆಕಾರವನ್ನು ಆರಿಸಿಕೊಂಡವು ಎಂಬ ವಿಡಿಯೊ ಸಂದೇಶ ಮಂಗಳೂರಿನ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಅರ್ಧಸತ್ಯ. ಹಾರ್ವರ್ಡ್ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಈ ಪ್ರಯೋಗದಲ್ಲಿ ಕಿಲೋಬಾಟ್ ಎಂಬ 1024 ಪುಟ್ಟ ರೋಬೋಟ್‌ಗಳಿದ್ದವು. ಆಕಾರದ ನಕ್ಷೆಯನ್ನು ಮನುಷ್ಯರೇ ಎಲ್ಲ ರೋಬೋಟ್‌ಗಳಿಗೂ ಮೊದಲೇ ಕೊಟ್ಟಿದ್ದರು. ಆಕಾರ ಎಲ್ಲಿಂದ ಆರಂಭವಾಗಬೇಕು ಎಂಬುದರ ಗುರುತಾಗಿ ನಾಲ್ಕು ರೋಬೋಟ್‌ಗಳನ್ನೂ ಅವರೇ ಇಟ್ಟಿದ್ದರು.

ಚಲನೆಯನ್ನು ನಿರ್ದೇಶಿಸುವ ನಾಯಕ ಇರಲಿಲ್ಲ ಎಂಬುದು ನಿಜ, ನಿಜವಾದ ವಿಸ್ಮಯ ಇರುವುದೂ ಅಲ್ಲಿಯೇ. ಪ್ರತಿಯೊಂದೂ ಮೇಜಿಗೆ ತಾಗಿ ಪ್ರತಿಫಲಿಸುವ ಅವಕೆಂಪು (ಇನ್‌ಫ್ರಾರೆಡ್) ಬೆಳಕಿನಿಂದ ನೆರೆಯವುಗಳ ದೂರವನ್ನು ಅಳೆದು, ಗುಂಪಿನ ಅಂಚಿನಲ್ಲೇ ಸರಿಯುತ್ತ ಹೋಗಿ, ನಕ್ಷೆಯೊಳಗೆ ತನ್ನ ಜಾಗ ಬಂದಾಗ ನಿಲ್ಲುತ್ತಿತ್ತು. ಒಂದು ಆಕಾರಕ್ಕೆ ಸುಮಾರು 12 ಗಂಟೆ ಹಿಡಿಯಿತು. ವಿಡಿಯೊದ ವೇಗವನ್ನು ನಂಬಬೇಡಿ. ಪ್ರಾಜೆಕ್ಟ್‌ಗೆ ಇದನ್ನೇ ಆಯ್ದುಕೊಳ್ಳುವವರು ದಯವಿಟ್ಟು ‘ತಾವೇ ಯೋಚಿಸುವ ರೋಬೋಟ್’ ಎಂದು ವರದಿಯಲ್ಲಿ ಬರೆಯಬೇಡಿ.